ಕಾರ್ಡ್ ಆರಿಸುವ ಮೊದಲು ಊರು ಆರಿಸಿ: ಟ್ರಾವೆಲ್ ಕ್ರೆಡಿಟ್ ಕಾರ್ಡ್ ಕೊಳ್ಳುವ, ಮೈಲ್ಸ್ ಕಳೆದುಕೊಳ್ಳದಿರುವ ಸಮಗ್ರ ಮಾರ್ಗದರ್ಶಿ

ಅಕ್ಕನ ಬಾಣಂತನಕ್ಕೆ ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೋದಾಗ ಮೈಲ್ಸ್ ಅಂದರೆ ಏನು ಅಂತಲೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಸಲಕ್ಕೆ ಗೊತ್ತಿತ್ತು: ವಿಮಾನ ಹತ್ತಿದಾಗ, ಕಾರ್ಡ್ ಬಳಸಿದಾಗ ಏರ್‌ಲೈನ್ ಖಾತೆಗೆ ಸೇರುವ ಪಾಯಿಂಟ್‌ಗಳೇ ಮೈಲ್ಸ್, ಕೂಡಿಟ್ಟರೆ ಅವುಗಳಿಂದ ಟಿಕೆಟ್ ಕೊಳ್ಳಬಹುದು. ಅಪ್ಪ, ಅಮ್ಮ ಇಬ್ಬರಿಗೂ ಮೈಲ್ಸ್ ಖಾತೆ ಮಾಡಿಸಿದೆವು. ಆಮೇಲೆ ನನ್ನ ಕಾರ್ಡಿನ ಪಾಯಿಂಟ್‌ಗಳನ್ನೂ ಸೇರಿಸಿ ಮನೆಯಲ್ಲಿ ಒಟ್ಟು 31,000 ಮೈಲ್ಸ್ ಆಯಿತು. ಅಜ್ಜಿಯನ್ನು ಒಂದು ಸಲ ವಿಮಾನ ಹತ್ತಿಸಬೇಕು ಅಂತ ಇಟ್ಟುಕೊಂಡಿದ್ದೆ. ಒಂದು ದಿನ ಆ್ಯಪ್ ತೆರೆದರೆ ಮುಕ್ಕಾಲು ಪಾಲು ಇರಲೇ ಇಲ್ಲ.

ತಪ್ಪು ನನ್ನದೇ. ಆಗಾಗ ಸ್ವಲ್ಪ ಪಾಯಿಂಟ್ ಹಾಕುತ್ತಿದ್ದರೆ ಇಡೀ ಖಾತೆ ಜೀವಂತವಾಗಿರುತ್ತೆ ಅಂದುಕೊಂಡಿದ್ದೆ. ಕೆಲವು ಏರ್‌ಲೈನ್‌ಗಳಲ್ಲಿ ಅದು ನಿಜ. ನಮ್ಮದರಲ್ಲಿ ಅಲ್ಲ. ಅಲ್ಲಿ ಪ್ರತಿ ಮೈಲ್‌ಗೂ ಅದು ಬಂದ ದಿನದಿಂದಲೇ ಆಯಸ್ಸು ಎಣಿಸುತ್ತಾರೆ. ಅಂದಿನಿಂದ ಮನೆಯ ಎಲ್ಲರ ಮೈಲ್ಸ್ ಲೆಕ್ಕ ನಾನೇ ನೋಡಿಕೊಳ್ಳುತ್ತೇನೆ. ಹೊಸದಾಗಿ ಶುರು ಮಾಡುವವರು ಯಾವ ಕ್ರಮದಲ್ಲಿ ಹೋದರೆ ನಷ್ಟ ಕಡಿಮೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಪೂರ್ತಿ ಬಿಲ್ ಕಟ್ಟುವ ಅಭ್ಯಾಸ ಇದೆಯಾ?

ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ನಮ್ಮಲ್ಲಿ ಬಹುಪಾಲು ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಸುಮಾರು 3.5 ಪರ್ಸೆಂಟ್. ವರ್ಷಕ್ಕೆ 40 ದಾಟುತ್ತದೆ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕಿದರೆ, ಹೊಸದಾಗಿ ಕೊಂಡ ವಸ್ತುವಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಇಂಥ ಬಡ್ಡಿಯನ್ನು ತುಂಬಿಕೊಡುವಷ್ಟು ಮೈಲ್ಸ್ ಯಾವ ಕಾರ್ಡೂ ಕೊಡುವುದಿಲ್ಲ. ಉಳಿತಾಯ ಖಾತೆಯಿಂದ ಪೂರ್ತಿ ಮೊತ್ತಕ್ಕೆ ಆಟೋ ಪೇ ಹಾಕಿ.

ಅರ್ಜಿ ಹಾಕುವ ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್ (ಸಾಲ, ಕಾರ್ಡ್ ಬಿಲ್ ಹೇಗೆ ಕಟ್ಟಿದ್ದೀರಿ ಅನ್ನುವ ದಾಖಲೆ) ನೋಡಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತ. ಸ್ಕೋರ್ 750ರ ಮೇಲಿದ್ದರೆ ಚಿಂತೆ ಕಡಿಮೆ. ಒಂದೇ ವಾರದಲ್ಲಿ ಮೂರು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ.

ಹೆಜ್ಜೆ 2: ಮೊದಲು ಪ್ರಯಾಣ, ಆಮೇಲೆ ಕಾರ್ಡ್

‘ಯಾವ ಕಾರ್ಡ್ ಒಳ್ಳೇದು?’ ಅಂತ ಎಲ್ಲರೂ ಕೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ: ‘ಎಲ್ಲಿಗೆ ಹೋಗ್ತೀರಿ, ಯಾವಾಗ, ಎಷ್ಟು ಜನ?’ ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ದೇವನಹಳ್ಳಿಯಿಂದ ನೇರ ಹಾರುವ ವಿದೇಶಿ ಏರ್‌ಲೈನ್‌ಗಳು ಸಾಕಷ್ಟಿವೆ. ಸಿಂಗಪುರಕ್ಕೆ ಸಿಂಗಪುರ್ ಏರ್‌ಲೈನ್ಸ್, ದುಬೈಗೆ ಎಮಿರೇಟ್ಸ್, ದೋಹಾಗೆ ಕತಾರ್, ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್, ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ. ನಿಮ್ಮವರು ಯಾವ ದೇಶದಲ್ಲಿದ್ದಾರೋ ಅಲ್ಲಿಗೆ ಹೋಗುವ ಏರ್‌ಲೈನ್ ಯಾವುದು, ಅದರ ಮೈಲ್ಸ್ ಯೋಜನೆ ಯಾವುದು ಅಂತ ಬರೆದುಕೊಳ್ಳಿ. ಆ ಯೋಜನೆಗೆ ಪಾಯಿಂಟ್ ಕಳಿಸಬಲ್ಲ ಕಾರ್ಡ್ ಮಾತ್ರ ನಿಮಗೆ ಬೇಕಾದ ಕಾರ್ಡ್. ವರ್ಷಕ್ಕೊಂದು ಸಲ ಗೋವಾ, ಒಂದು ಸಲ ದೆಹಲಿ ಅಷ್ಟೇ ಅಂದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಅಂಥವರಿಗೆ ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡೇ ಜಾಸ್ತಿ ಲಾಭ.

ಹೆಜ್ಜೆ 3: ಪಾಯಿಂಟ್ ಬರುವ ಖರ್ಚು ಎಷ್ಟು ಅಂತ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ತಿಂಗಳಿಗೆ 60,000 ಖರ್ಚು ಮಾಡುತ್ತೇವೆ, ಅಷ್ಟಕ್ಕೂ ಪಾಯಿಂಟ್ ಬರುತ್ತೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಮನೆ ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ಹಾಕುವ ದುಡ್ಡು, ಆಸ್ತಿ ತೆರಿಗೆ ಇವನ್ನು ಬಹಳಷ್ಟು ಕಾರ್ಡ್‌ಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಸ್ಕಾಂ ಬಿಲ್, ವಿಮೆ ಕಂತು, ಚಿನ್ನ, ಶಾಲೆ ಫೀಸ್ ಇವಕ್ಕೆ ಕೆಲವು ಕಾರ್ಡ್‌ಗಳಲ್ಲಿ ಪಾಯಿಂಟ್ ಇಲ್ಲ, ಕೆಲವುಗಳಲ್ಲಿ ಮಿತಿ ಇದೆ. ದರ್ಶಿನಿಯ ಕಾಫಿ, ಗಾಂಧಿ ಬಜಾರಿನ ಹೂವು, ಆಟೋ ಎಲ್ಲ ಯುಪಿಐ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ನಿಜ. ಆದರೆ ಟ್ರಾವೆಲ್ ಕಾರ್ಡ್‌ಗಳಲ್ಲಿ ಹೆಚ್ಚಿನವು ವೀಸಾ, ಮಾಸ್ಟರ್‌ಕಾರ್ಡ್ ಜಾಲದವು. ಅವು ಆ ಕ್ಯೂಆರ್ ಕೋಡ್‌ನಲ್ಲಿ ನಡೆಯುವುದಿಲ್ಲ.

ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಪೆನ್ನಿನಲ್ಲಿ ಗುರುತು ಹಾಕಿ. ಉದಾಹರಣೆಗೆ, ನಿಜವಾಗಿ ಲೆಕ್ಕಕ್ಕೆ ಬರುವುದು ತಿಂಗಳಿಗೆ 25,000 ಅಂತಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ. 100 ರೂಪಾಯಿಗೆ 2 ಮೈಲ್ಸ್ ಕೊಡುವ ಕಾರ್ಡ್ ಆದರೆ 6,000 ಮೈಲ್ಸ್. ಒಂದು ಮೈಲ್‌ಗೆ 90 ಪೈಸೆ ಬೆಲೆ ಸಿಕ್ಕರೂ (ಈ ಬೆಲೆ ತಿಳಿಯುವ ಲೆಕ್ಕ ಹೆಜ್ಜೆ 8ರಲ್ಲಿದೆ) 5,400 ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 5,000 ಇದ್ದರೆ ಜಿಎಸ್‌ಟಿ ಸೇರಿ 5,900. ಕೈಯಿಂದಲೇ 500 ಹೋಯಿತು, ಅಲ್ವಾ?

ಅದೇ 3 ಲಕ್ಷದಲ್ಲಿ 1 ಲಕ್ಷ ವಿಮಾನ ಟಿಕೆಟ್, ಹೋಟೆಲ್‌ಗೆ ಹೋಗುತ್ತಿದ್ದು, ಆ ಕಾರ್ಡ್ ಪ್ರಯಾಣದ ಖರ್ಚಿಗೆ 100ಕ್ಕೆ 5 ಮೈಲ್ಸ್ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಅದರಿಂದ 5,000, ಉಳಿದ 2 ಲಕ್ಷದಿಂದ 4,000, ಒಟ್ಟು 9,000 ಮೈಲ್ಸ್. ಅಂದರೆ 8,100 ರೂಪಾಯಿ. ಈಗ ಶುಲ್ಕ ಕಳೆದೂ ಉಳಿಯುತ್ತದೆ. ಕಾರ್ಡ್ ಮಾರುವವರು ಸ್ವಾಗತ ಬೋನಸ್ ತೋರಿಸುತ್ತಾರೆ. ಅದು ಮೊದಲ ವರ್ಷಕ್ಕೆ ಮಾತ್ರ. ನೀವು ಎರಡನೇ ವರ್ಷದ ಲೆಕ್ಕ ಹಾಕಿ.

ಹೆಜ್ಜೆ 4: ಮೂರು ಬಗೆಯ ಕಾರ್ಡಿನಲ್ಲಿ ನಿಮ್ಮದು ಯಾವುದು?

ಒಂದು, ಒಂದೇ ಏರ್‌ಲೈನ್ ಹೆಸರಿನ ಕಾರ್ಡ್. ಅದೇ ಏರ್‌ಲೈನ್‌ನಲ್ಲಿ ಪದೇ ಪದೇ ಹೋಗುವವರಿಗೆ ಸರಿ. ಆದರೆ ಏರ್‌ಲೈನ್‌ಗೆ ಏನಾದರೂ ಆದರೆ ಕಾರ್ಡಿಗೂ ಆಗುತ್ತದೆ. ನಮ್ಮ ಊರಿನವರು ಹೆಮ್ಮೆಯಿಂದ ಹತ್ತುತ್ತಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲ ಹಿಡಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅದರ ಸದಸ್ಯರ ಪಾಯಿಂಟ್‌ಗಳು ಏರ್ ಇಂಡಿಯಾದ ಮೈಲ್ಸ್ ಯೋಜನೆಯಾದ ಮಹಾರಾಜ ಕ್ಲಬ್‌ಗೆ ಸೇರಿದವು.

ಎರಡು, ಬ್ಯಾಂಕಿನದೇ ಪಾಯಿಂಟ್ ಕೊಟ್ಟು, ಬೇಕಾದ ಏರ್‌ಲೈನ್‌ಗೆ ಕಳಿಸಲು ಬಿಡುವ ಕಾರ್ಡ್. ಆಕ್ಸಿಸ್ ಅಟ್ಲಾಸ್, ಎಚ್‌ಡಿಎಫ್‌ಸಿ ಇನ್ಫಿನಿಯಾ, ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ ಟ್ರಾವೆಲ್ ಈ ಗುಂಪಿನವು. ನನ್ನ ಒಲವು ಇತ್ತ ಕಡೆ. ಯಾಕೆ ಅಂದರೆ ಪಾಯಿಂಟ್ ಬ್ಯಾಂಕಿನಲ್ಲಿ ಇರುವಷ್ಟು ದಿನ ಆಯ್ಕೆ ನಿಮ್ಮ ಕೈಯಲ್ಲೇ ಇರುತ್ತದೆ. ಅಮೆರಿಕನ್ ಎಕ್ಸ್‌ಪ್ರೆಸ್ ತೆಗೆದುಕೊಳ್ಳುವವರಿಗೆ ಒಂದು ಮಾತು: ಸಣ್ಣ ಅಂಗಡಿಗಳಲ್ಲಿ ಅದು ನಡೆಯುವುದು ಕಷ್ಟ. ಜೊತೆಗೆ ಇನ್ನೊಂದು ಕಾರ್ಡ್ ಬೇಕಾಗುತ್ತದೆ.

ಮೂರು, ವಿದೇಶದಲ್ಲಿ ಉಜ್ಜಿದರೆ ಮಾರ್ಕಪ್ (ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಸೇರಿಸುವ ಶುಲ್ಕ) ಹಾಕದ ಕಾರ್ಡ್. ಸಾಮಾನ್ಯ ಕಾರ್ಡಿನಲ್ಲಿ ಮಾರ್ಕಪ್ 3.5 ಪರ್ಸೆಂಟ್, ಜಿಎಸ್‌ಟಿ ಸೇರಿ 4.13. ಹೊರದೇಶದಲ್ಲಿ 1 ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಸುಮ್ನೆ ಹೋಗುತ್ತದೆ. ಫೆಡರಲ್ ಬ್ಯಾಂಕಿನ ಸ್ಕೇಪಿಯಾದಂಥವು ಇದನ್ನು ಉಳಿಸುತ್ತವೆ. ಇನ್ನೊಂದು: ಅಲ್ಲಿನ ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ, ಇಲ್ಲಿನ ಹಣದಲ್ಲೋ?’ ಅಂತ ಕೇಳಿದರೆ ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಲೌಂಜ್, ಅಂದರೆ ಏರ್‌ಪೋರ್ಟಿನಲ್ಲಿ ಆರಾಮಾಗಿ ಕೂತು ತಿನ್ನುವ ವಿಶೇಷ ಕೋಣೆಯ ಆಸೆಗೆ ಕಾರ್ಡ್ ತೆಗೆದುಕೊಳ್ಳಬೇಡಿ. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ನಾವೆಲ್ಲ ಬೇಗ ಹೊರಡುತ್ತೇವೆ, ಏರ್‌ಪೋರ್ಟಿನಲ್ಲಿ ಎರಡು ಗಂಟೆ ಕೂರುತ್ತೇವೆ, ಲೌಂಜ್ ಇದ್ದರೆ ಚೆನ್ನ. ಆದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡುತ್ತೇವೆ ಅನ್ನುವ ಷರತ್ತು ಈಗ ಬಹಳ ಕಾರ್ಡ್‌ಗಳಲ್ಲಿದೆ. ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ.

ಹೆಜ್ಜೆ 5: ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ

ಇದು ನಮ್ಮ ಕಡೆಯವರ ದೊಡ್ಡ ತೊಡಕು. ಅಮ್ಮನ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ತಾತನದು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ. ಪಾಸ್‌ಪೋರ್ಟಿನಲ್ಲಿ ಊರು, ತಾತ ಎರಡೂ ಬಿಡಿಸಿ ಬರೆದು ಅದೇ ಸರ್‌ನೇಮ್ ಆಗಿದೆ. ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಟಿಕೆಟ್ ಪಾಸ್‌ಪೋರ್ಟಿನಂತೆ ಇತ್ತು, ಮೈಲ್ಸ್ ಖಾತೆ ಆಧಾರ್‌ನಂತೆ ಮಾಡಿಸಿದ್ದೆವು. ಬೆಂಗಳೂರಿನಿಂದ ಅಷ್ಟು ದೂರ ಹೋಗಿಬಂದರೂ ಒಂದು ಮೈಲ್ ಸೇರಲಿಲ್ಲ.

ಸರಿ ಮಾಡಿಸಲು ಬೇಕಾಗಿದ್ದು ಬೋರ್ಡಿಂಗ್ ಪಾಸ್. ಅಮ್ಮ ಅವನ್ನು ಎಸೆದಿರಲಿಲ್ಲ. ನಾಲ್ಕನ್ನೂ ಮಡಚಿ ದೇವರ ಕೋಣೆಯ ಪಂಚಾಂಗದೊಳಗೆ ಇಟ್ಟಿದ್ದರು, ಒಂದರ ಮೇಲೆ ಕುಂಕುಮದ ಬೆರಳಚ್ಚು ಕೂಡ ಇತ್ತು. ಪಾಸ್‌ಪೋರ್ಟ್ ಪ್ರತಿ ಕಳಿಸಿ ಹೆಸರು ತಿದ್ದಿಸಿ, ಆಮೇಲೆ ಆ ಪಾಸ್‌ಗಳ ಫೋಟೊ ಹಾಕಿ ‘ಮಿಸ್ಸಿಂಗ್ ಮೈಲ್ಸ್’ ಅರ್ಜಿ ಕೊಟ್ಟೆ. ಮೈಲ್ಸ್ ಬಂತು. ಹೀಗೆ ಹಿಂದಿನ ಪ್ರಯಾಣಕ್ಕೆ ಕೇಳಲು ಸಾಮಾನ್ಯವಾಗಿ 6 ತಿಂಗಳು, ಕೆಲವು ಕಡೆ 1 ವರ್ಷ ಅವಕಾಶ ಇರುತ್ತದೆ. ಮೈಲ್ಸ್ ಖಾತೆಯಲ್ಲಿ ಕಾಣುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಕಾರ್ಡಿನ ಪಾಯಿಂಟ್ ಏರ್‌ಲೈನ್‌ಗೆ ಕಳಿಸುವಾಗಲೂ ಇದೇ ನಿಯಮ. ಎರಡೂ ಕಡೆ ಹೆಸರು ಹೊಂದಬೇಕು. ಅಪ್ಪನ ಕಾರ್ಡಿನಿಂದ ಮಗನ ಖಾತೆಗೆ ಸಾಮಾನ್ಯವಾಗಿ ಆಗುವುದಿಲ್ಲ.

ಹೆಜ್ಜೆ 6: ಹಾರಿದ ಮೈಲ್ಸ್ ಎಲ್ಲಿ ಹಾಕಬೇಕು?

ಹತ್ತಿದ ಏರ್‌ಲೈನ್‌ನ ಖಾತೆಗೇ ಹಾಕಬೇಕು ಅಂತ ಏನಿಲ್ಲ. ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ್ ಏರ್‌ಲೈನ್ಸ್, ಏರ್ ಇಂಡಿಯಾ ಎಲ್ಲವೂ ಸ್ಟಾರ್ ಅಲಯನ್ಸ್ ಕೂಟದವು. ಏರ್ ಇಂಡಿಯಾ ಸೇರಿದ್ದು 2014ರ ಜುಲೈನಲ್ಲಿ. ಇವುಗಳಲ್ಲಿ ಯಾವುದರಲ್ಲಿ ಹಾರಿದರೂ ಮತ್ತೊಂದರ ಖಾತೆಗೆ ಮೈಲ್ಸ್ ಹಾಕಿಸಬಹುದು. ತೀರ ಅಗ್ಗದ ಟಿಕೆಟ್‌ಗಳಿಗೆ ಕಡಿಮೆ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಬುಕ್ ಮಾಡುವ ಮುಂಚೆ ಫೇರ್ ಕ್ಲಾಸ್ (ಟಿಕೆಟ್ ದರದ ದರ್ಜೆ) ನೋಡಿ.

ಮೂರು ವರ್ಷಕ್ಕೊಮ್ಮೆ ಮಕ್ಕಳನ್ನು ನೋಡಲು ಹೋಗುವ ಹಿರಿಯರಿಗೆ ಇದು ತುಂಬ ಉಪಯೋಗದ ವಿಷಯ. ಅಪ್ಪ, ಅಮ್ಮ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೇಲೆ ಹೋಗುವುದಾದರೆ ನಾನು ಅವರ ಮೈಲ್ಸನ್ನು ಯುನೈಟೆಡ್‌ನ ಮೈಲೇಜ್‌ಪ್ಲಸ್‌ಗೆ ಹಾಕಿಸುತ್ತೇನೆ. 2019ರಿಂದ ಅಲ್ಲಿ ಮೈಲ್ಸ್‌ಗೆ ಕೊನೆ ದಿನಾಂಕವೇ ಇಲ್ಲ. ಒಂದು ಪ್ರಯಾಣಕ್ಕೂ ಇನ್ನೊಂದಕ್ಕೂ ನಾಲ್ಕು ವರ್ಷ ಕಳೆದರೂ ಹಾಗೇ ಇರುತ್ತವೆ.

ಹೆಜ್ಜೆ 7: ಗಡಿಯಾರ ಯಾವ ಬಗೆಯದು ಅಂತ ತಿಳಿದುಕೊಳ್ಳಿ

ನಾನು 31,000 ಮೈಲ್ಸ್‌ನಲ್ಲಿ ಮುಕ್ಕಾಲು ಕೊಟ್ಟು ಕಲಿತದ್ದು ಇದನ್ನೇ. ಕೊನೆ ದಿನಾಂಕದಲ್ಲಿ ಎರಡು ಬಗೆ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲ ಬಗೆಯಲ್ಲಿ ಖಾತೆ ಅಲುಗಾಡಿದರೆ ಸಾಕು. ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್‌ನ ಏವಿಯೋಸ್ (ಅವರ ಮೈಲ್ಸ್‌ಗೆ ಇರುವ ಹೆಸರು) ಹೀಗೆ. 36 ತಿಂಗಳು ಒಂದೂ ವ್ಯವಹಾರ ಇಲ್ಲದಿದ್ದರೆ ಹೋಗುತ್ತವೆ. ಸ್ವಲ್ಪ ಗಳಿಸಿದರೂ, ಸ್ವಲ್ಪ ಬಳಸಿದರೂ ಎಲ್ಲಕ್ಕೂ ಮತ್ತೆ 36 ತಿಂಗಳು. ಮ್ಯಾರಿಯಟ್ ಹೋಟೆಲ್ ಪಾಯಿಂಟ್‌ಗಳಿಗೆ ಈ ಅವಧಿ 24 ತಿಂಗಳು. ಏರ್ ಫ್ರಾನ್ಸ್–ಕೆಎಲ್‌ಎಂನ ಫ್ಲೈಯಿಂಗ್ ಬ್ಲೂಗೂ 24 ತಿಂಗಳೇ, ಆದರೆ ಅಲ್ಲಿ ಗಡಿಯಾರ ತಿರುಗಿಸಲು ವಿಮಾನದಲ್ಲಿ ಹಾರಿರಬೇಕು. ಬರೀ ಪಾಯಿಂಟ್ ಕಳಿಸಿದರೆ ಆಯಿತು ಅಂದುಕೊಳ್ಳಬೇಡಿ. ಖಾತೆ ಅಲುಗಿಸಲು ಸುಲಭ ದಾರಿ ಅಂದರೆ ಕಾರ್ಡಿನಿಂದ ಕನಿಷ್ಠ ಮೊತ್ತ ಕಳಿಸುವುದು, ಅಥವಾ ಒಂದು ಹೋಟೆಲ್ ವಾಸದ ಪಾಯಿಂಟ್ ಆ ಖಾತೆಗೆ ಹಾಕಿಸುವುದು. ಕೊನೆಯ ವಾರದವರೆಗೆ ಕಾಯಬೇಡಿ. ಕಳಿಸಿದ್ದು ಸೇರಲು ಕೆಲವೊಮ್ಮೆ ಹಲವು ದಿನ ಹಿಡಿಯುತ್ತದೆ.

ಎರಡನೇ ಬಗೆಯಲ್ಲಿ ಏನು ಅಲುಗಾಡಿಸಿದರೂ ಪ್ರಯೋಜನವಿಲ್ಲ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಬಂದ ತಿಂಗಳಿನಿಂದ 3 ವರ್ಷ ಎಣಿಸಿ, ಆ ತಿಂಗಳ ಕೊನೆಗೆ ಮುಗಿಯುತ್ತವೆ. ಎಮಿರೇಟ್ಸ್ ಸ್ಕೈವರ್ಡ್ಸ್‌ನಲ್ಲೂ 3 ವರ್ಷ, ಅಲ್ಲಿ ಮುಗಿಯುವುದು ನೀವು ಹುಟ್ಟಿದ ತಿಂಗಳ ಕೊನೆಯಲ್ಲಿ. ಇಂಥ ಕಡೆ ಉಳಿಸಿಕೊಳ್ಳಲು ಇರುವ ದಾರಿಗಳು ಕೆಲವೇ.

ಒಳ್ಳೆಯ ದಾರಿ ಎಂದರೆ ಅವಧಿ ಮುಗಿಯುವ ಮುಂಚೆ ಟಿಕೆಟ್ ಬುಕ್ ಮಾಡುವುದು. ಕ್ರಿಸ್‌ಫ್ಲೈಯರ್‌ನಲ್ಲಿ ಬುಕ್ ಮಾಡುವ ದಿನ ಮೈಲ್ಸ್ ಜೀವಂತವಿದ್ದರೆ ಸಾಕು, ಪ್ರಯಾಣ ಆಮೇಲೆ ಇರಬಹುದು. ಆದರೆ ಅವಧಿ ದಾಟಿದ ಮೇಲೆ ಆ ಟಿಕೆಟ್ ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರುವುದಿಲ್ಲ. ಹಾಗಾಗಿ ಖಚಿತವಾಗಿ ಹೋಗುವ ದಿನಕ್ಕೇ ಮಾಡಿ. ನಿಮಗೆ ಆಗದಿದ್ದರೆ ಮನೆಯವರಿಗೆ ಮಾಡಿಸಿ. ಕ್ರಿಸ್‌ಫ್ಲೈಯರ್‌ನಲ್ಲಿ 5 ಜನರನ್ನು ನಾಮಿನಿಯಾಗಿ, ಅಂದರೆ ನಿಮ್ಮ ಮೈಲ್ಸ್‌ನಲ್ಲಿ ಟಿಕೆಟ್ ಮಾಡಿಸಬಹುದಾದವರಾಗಿ ಸೇರಿಸಬಹುದು. ಎಮಿರೇಟ್ಸ್‌ನಲ್ಲಿ ಕುಟುಂಬದವರ ಮೈಲ್ಸನ್ನು ಒಂದೇ ಖಾತೆಯಲ್ಲಿ ಕೂಡಿಸಬಹುದು. ಚಿಕ್ಕ ಚಿಕ್ಕ ಮೊತ್ತಗಳು ನಾಲ್ಕು ಖಾತೆಯಲ್ಲಿ ಒಣಗುವ ಬದಲು ಒಂದು ಟಿಕೆಟ್ ಆಗುತ್ತವೆ.

ಇನ್ನೊಂದು ದಾರಿ, ದುಡ್ಡು ಕೊಟ್ಟು ಅವಧಿ ಮುಂದೂಡುವುದು. ಕ್ರಿಸ್‌ಫ್ಲೈಯರ್‌ನಲ್ಲಿ ಪ್ರತಿ 10,000 ಮೈಲ್ಸ್‌ಗೆ 12 ಡಾಲರ್ ಅಥವಾ 1,200 ಮೈಲ್ಸ್ ಕೊಟ್ಟರೆ ಸಾಮಾನ್ಯ ಸದಸ್ಯರಿಗೆ 6 ತಿಂಗಳು ಸಿಗುತ್ತದೆ. ಪ್ರಯಾಣ ಗೊತ್ತಾಗಿದ್ದರೆ ಇದು ಸರಿ. ಗೊತ್ತಿಲ್ಲದಿದ್ದರೆ ಆರು ತಿಂಗಳಾದ ಮೇಲೆ ಮತ್ತದೇ ಕಥೆ. ಮೈಲ್ಸ್ ಕೊಟ್ಟು ಬ್ಯಾಗು, ಹೆಡ್‌ಫೋನು ಕೊಳ್ಳುವುದು ತೀರ ಕೊನೆಯ ದಾರಿ.

ಇವೆಲ್ಲಕ್ಕಿಂತ ಒಳ್ಳೆಯದು, ಮೈಲ್ಸ್ ಆಗಿ ಬದಲಾಯಿಸದೇ ಇರುವುದು. ಬ್ಯಾಂಕಿನ ಪಾಯಿಂಟ್‌ಗೆ ಒಂದು ಗಡಿಯಾರ, ಏರ್‌ಲೈನ್ ಮೈಲ್ಸ್‌ಗೆ ಇನ್ನೊಂದು. ಪಾಯಿಂಟ್ ಬಂದ ತಿಂಗಳೇ ಏರ್‌ಲೈನ್‌ಗೆ ಕಳಿಸಿದರೆ ಬ್ಯಾಂಕಿನಲ್ಲಿ ಇರಬಹುದಾಗಿದ್ದ ಅವಧಿಯನ್ನು ನಾವೇ ಬಿಟ್ಟುಕೊಟ್ಟಂತೆ. ನಾನು ಮಾಡಿದ್ದೂ ಅದನ್ನೇ.

ಹೆಜ್ಜೆ 8: ಸೀಟು ಕಂಡ ಮೇಲೆ ಮಾತ್ರ ಕಳಿಸಿ

ಬ್ಯಾಂಕಿನಿಂದ ಏರ್‌ಲೈನ್‌ಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಆದ್ದರಿಂದ ಮೊದಲು ಏರ್‌ಲೈನ್ ಖಾತೆಗೆ ಲಾಗಿನ್ ಆಗಿ ನಿಮ್ಮ ದಿನಕ್ಕೆ ಮೈಲ್ಸ್ ಸೀಟು ಇದೆಯಾ ನೋಡಿ. ದಸರಾ ರಜೆ, ಏಪ್ರಿಲ್–ಮೇ ಬೇಸಿಗೆ ರಜೆ, ಡಿಸೆಂಬರ್ ಕೊನೆ ಇವಕ್ಕೆ ಸೀಟು ಸಿಗುವುದು ಕಷ್ಟ. ಫೆಬ್ರವರಿ, ಜುಲೈ, ಸೆಪ್ಟೆಂಬರ್ ನೋಡಿ. ಹಿರಿಯರಿಗೆ ರಜೆಯ ಹಂಗಿಲ್ಲ, ಅವರಿಗೆ ಸುಲಭ.

ಸೀಟು ಕಂಡರೆ ಒಂದು ಲೆಕ್ಕ ಹಾಕಿ. ದುಡ್ಡು ಕೊಟ್ಟರೆ ಟಿಕೆಟ್ 22,000 ಅಂತಿಟ್ಟುಕೊಳ್ಳೋಣ. ಮೈಲ್ಸ್‌ನಲ್ಲಾದರೆ 20,000 ಮೈಲ್ಸ್ ಜೊತೆಗೆ ತೆರಿಗೆ 4,000. ಉಳಿದದ್ದು 18,000. ಅದನ್ನು 20,000ದಿಂದ ಭಾಗಿಸಿದರೆ ಮೈಲ್‌ಗೆ 90 ಪೈಸೆ. ಇದು 50 ಪೈಸೆಗಿಂತ ಕೆಳಗೆ ಬಂದರೆ ನಾನು ದುಡ್ಡು ಕೊಟ್ಟೇ ಟಿಕೆಟ್ ಕೊಳ್ಳುತ್ತೇನೆ. ಕೆಲವು ಏರ್‌ಲೈನ್‌ಗಳು ತೆರಿಗೆ ಹೆಸರಿನಲ್ಲಿ ಇಂಧನ ಸರ್‌ಚಾರ್ಜ್ ಸೇರಿಸುತ್ತವೆ. ಕೊನೆಯ ಪುಟದವರೆಗೆ ಹೋಗಿ ಮೊತ್ತ ನೋಡಿ.

ಲೆಕ್ಕ ಸರಿ ಬಂದರೆ, ಎರಡೂ ಕಡೆ ಹೆಸರು ಹೊಂದಿದ್ದರೆ, ಬೇಕಾದಷ್ಟೇ ಕಳಿಸಿ. ವರ್ಷಕ್ಕೆ ಇಷ್ಟೇ ಕಳಿಸಬಹುದು ಅನ್ನುವ ಮಿತಿ ಕೆಲವು ಬ್ಯಾಂಕುಗಳಲ್ಲಿ ಇದೆ. ಸೇರಿದ ಕೂಡಲೇ ಬುಕ್ ಮಾಡಿ. ಇವನ್ನು ಎಫ್‌ಡಿ ತರಹ ವರ್ಷಗಟ್ಟಲೆ ಬೆಳೆಸಲು ಹೋಗಬೇಡಿ. ಬಡ್ಡಿ ಬರುವುದಿಲ್ಲ. ಒಂದು ಟಿಕೆಟ್‌ಗೆ ಬೇಕಾದ ಮೈಲ್ಸ್ ಮಾತ್ರ ಏರುತ್ತಾ ಹೋಗುತ್ತದೆ.

ಕಾರ್ಡ್ ಬಿಡುವಾಗ, ಮೆಸೇಜ್ ಬಂದಾಗ

ಕಾರ್ಡ್ ಮುಚ್ಚುವ ಮೊದಲು ಪಾಯಿಂಟ್ ಖಾಲಿ ಮಾಡಿ. ಮುಚ್ಚಿದ ಮೇಲೆ ಸಾಮಾನ್ಯವಾಗಿ ಅವು ಸಿಗುವುದಿಲ್ಲ. ಬಾಕಿ ಎಲ್ಲ ತೀರಿಸಿ ಅರ್ಜಿ ಕೊಟ್ಟರೆ 7 ಕೆಲಸದ ದಿನಗಳಲ್ಲಿ ಬ್ಯಾಂಕ್ ಕಾರ್ಡ್ ಮುಚ್ಚಲೇಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ.

‘ನಿಮ್ಮ 9,850 ರೂಪಾಯಿ ಮೌಲ್ಯದ ಪಾಯಿಂಟ್ ಇಂದೇ ಮುಗಿಯುತ್ತೆ, ಈ ಲಿಂಕ್ ಒತ್ತಿ’ ಅಂತ ಬರುವ ಮೆಸೇಜ್‌ಗಳ ಬಗ್ಗೆ ಮನೆಯ ಹಿರಿಯರಿಗೆ ಇವತ್ತೇ ಹೇಳಿ. ಲಿಂಕ್ ಒತ್ತಬಾರದು, ಅವರು ಕಳಿಸಿದ ಆ್ಯಪ್ ಹಾಕಿಕೊಳ್ಳಬಾರದು, ಒಟಿಪಿ ಯಾರಿಗೂ ಹೇಳಬಾರದು. ಪಾಯಿಂಟ್ ಎಷ್ಟಿದೆ ಅಂತ ಬ್ಯಾಂಕಿನ ಆ್ಯಪ್‌ನಲ್ಲೇ ನೋಡಬೇಕು. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹೆಜ್ಜೆ 9: ಗೋಡೆಯ ಮೇಲೆ ಬರೆದಿಡಿ

ನಮ್ಮ ಮನೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ. ಒಬ್ಬೊಬ್ಬರಿಗೆ ಒಂದು ಪುಟ. ಯೋಜನೆಯ ಹೆಸರು, ಸದಸ್ಯ ಸಂಖ್ಯೆ, ಎಷ್ಟಿದೆ, ಯಾವಾಗ ಮುಗಿಯುತ್ತೆ, ಯಾವ ಬಗೆಯ ಗಡಿಯಾರ. ಪಾಸ್‌ವರ್ಡ್ ಮಾತ್ರ ಬರೆಯುವುದಿಲ್ಲ. ಪ್ರತಿ ಮೂರು ತಿಂಗಳಿಗೆ ಒಂದು ಭಾನುವಾರ ಕೂತು ಎಲ್ಲ ಖಾತೆ ತೆರೆದು ಅಂಕಿ ತಿದ್ದುತ್ತೇನೆ. ಅರ್ಧ ಗಂಟೆ ಸಾಕು.

ಫೋನಿನ ರಿಮೈಂಡರ್ ನನಗೆ ಆಗಿಬರಲಿಲ್ಲ. ಅದನ್ನು ಸರಿಸಿಬಿಡುತ್ತಿದ್ದೆ. ಈಗ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇವೆ. ಅವಧಿ ಮುಗಿಯುವುದಕ್ಕೆ 90 ದಿನ ಮುಂಚಿನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿಗಳ ನಡುವೆ ‘ಅಪ್ಪನ ಮೈಲ್ಸ್ 12,000’ ಅಂತ ಅಮ್ಮನ ಅಕ್ಷರ. ದಿನಾ ಬೆಳಗ್ಗೆ ಕಾಫಿ ಸೋಸುವಾಗ ಅದು ಅಮ್ಮನ ಕಣ್ಣಿಗೆ ಬೀಳುತ್ತದೆ, ನನ್ನನ್ನು ಕೂಗಿ ಕೇಳುತ್ತಾರೆ.